ಬರಹಗಾರರಿಗೆ ಸಲಹೆ: ಸಂದಿಗ್ಧ ಮುಕ್ತಾಯಗಳ ಕುರಿತ ನಿಮ್ಮ ಲೇಖನ

ಮಾನ್ಯರೇ,

‘ಕೊನೆಯಿಲ್ಲದ ಕೊನೆಗಳು’ ಎಂಬ ತಲೆಬರಹದಲ್ಲಿ ನೀವು ಕಳುಹಿಸಿದ ಲೇಖನವನ್ನು ಓದಿದೆ. ನಿಮಗೆ ಪ್ರಿಯವಾದ ಹನ್ನೆರಡು ಕಾದಂಬರಿ ಮತ್ತು ಚಲನಚಿತ್ರಗಳನ್ನು ಹೆಸರಿಸಿ, ಒಂದೊಂದರ ಕಥಾಸಾರವನ್ನು ಒಂದೊಂದು ಪ್ಯಾರಾದಲ್ಲಿ ಹೇಳಿ, ಪ್ರತಿ ಪ್ಯಾರಾವನ್ನೂ ‘ಮುಂದಿನದನ್ನು ನಮ್ಮ ಊಹೆಗೆ ಬಿಡಲಾಗಿದೆ’ ಎಂಬರ್ಥದ ವಾಕ್ಯದಿಂದ ಮುಗಿಸಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಆದರೆ ನಿಮ್ಮ ಓದಿನ ಹರವು ದೊಡ್ಡದು, ವಾಕ್ಯಗಳಲ್ಲಿ ಹದವಿದೆ. ಆದ್ದರಿಂದ ಒಂದು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗದೆ ಕಾರಣಗಳನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಮುಖ್ಯ ಆಕ್ಷೇಪ ಆ ‘ಊಹೆಗೆ ಬಿಡಲಾಗಿದೆ’ ಎಂಬ ಮಾತಿಗೇ ಸಂಬಂಧಿಸಿದ್ದು. ಯಾವ ಕೃತಿಯೂ ಎಲ್ಲವನ್ನೂ ಹೇಳಿ ಮುಗಿಸುವುದಿಲ್ಲ. ಮದುವೆಯ ಮಂಟಪದಲ್ಲಿ ‘ಶುಭಂ’ ಎಂದು ಮುಗಿಯುವ ಚಿತ್ರವೂ ಆ ದಂಪತಿಗಳು ಮುಂದೆ ಹೇಗೆ ಬಾಳಿದರೆಂದು ತಿಳಿಸುವುದಿಲ್ಲ, ಹಾಗೆಂದು ಅದನ್ನು ಯಾರೂ ಸಂದಿಗ್ಧವೆನ್ನುವುದಿಲ್ಲ. ಲೇಖಕರು ಯಾವುದನ್ನೆಲ್ಲ ಖಚಿತಪಡಿಸಿದ ಮೇಲೆ ಯಾವ ಒಂದನ್ನು ಹೇಳದೆ ಉಳಿಸಿದರು ಎಂಬುದನ್ನು ತೋರಿಸಿದರೆ ಮಾತ್ರ ವಿಮರ್ಶೆ ಶುರುವಾಗುತ್ತದೆ, ಮತ್ತು ನಿಮ್ಮ ಹನ್ನೆರಡು ಪ್ಯಾರಾಗಳಲ್ಲಿ ಒಂದೂ ಆ ಕೆಲಸಕ್ಕೆ ಕೈಹಾಕಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೇ (1965) ತೆಗೆದುಕೊಳ್ಳಿ. ‘ಪ್ರಾಣೇಶಾಚಾರ್ಯರು ಮುಂದೆ ಏನಾದರೆಂಬುದು ತಿಳಿಯುವುದಿಲ್ಲ’ ಎಂದಷ್ಟೇ ಬರೆದಿದ್ದೀರಿ. ಆದರೆ ದೂರ್ವಾಸಪುರದ ಬ್ರಾಹ್ಮಣ ಅಗ್ರಹಾರಕ್ಕೆ ಗುರುವಿನಂತಿದ್ದ ಅವರು ಊರಿಗೆ ಮರಳಲು ಗಾಡಿ ಹತ್ತುವ ಹೊತ್ತಿಗೆ ಎಷ್ಟು ಸಂಗತಿಗಳು ಇತ್ಯರ್ಥವಾಗಿಬಿಟ್ಟಿವೆ ಎಂಬುದನ್ನು ಗಮನಿಸಿ. ಆಚಾರ ಬಿಟ್ಟಿದ್ದ ನಾರಣಪ್ಪನ ಸಂಸ್ಕಾರವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಅಗ್ರಹಾರವನ್ನು ಕಂಗೆಡಿಸಿತ್ತು; ಆ ಶವವನ್ನು ಅವನ ಸಂಗಾತಿ ಚಂದ್ರಿ ಅಹ್ಮದ್ ಬ್ಯಾರಿಯ ನೆರವಿನಿಂದ ರಾತ್ರಿಯಲ್ಲೇ ಸುಡಿಸಿದ್ದಾಳೆ. ಇದು ನಮಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಹೆಂಡತಿ ಭಾಗೀರಥಿ ತೀರಿಕೊಂಡಿದ್ದಾಳೆ. ಸೂತಕದಲ್ಲಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತು, ಗುರುತು ಸಿಕ್ಕಿದೊಡನೆ ಎದ್ದು ಓಡಿಬಂದಿದ್ದರಿಂದ ಹಳೆಯ ಗೌರವದ ಆಸರೆಯೂ ಕಳಚಿದೆ. ದಾರಿಯಲ್ಲಿ ಜೊತೆಯಾಗಿ ಬೆನ್ನು ಬಿಡದಿದ್ದ ಮಾಲೇರ ಪುಟ್ಟ ಕೂಡ, ಗಾಡಿಯಲ್ಲಿ ಒಬ್ಬರಿಗೆ ಮಾತ್ರ ಜಾಗವಿದೆ ಎಂಬ ಕಾರಣಕ್ಕೆ, ಹಿಂದೆ ಉಳಿಯುತ್ತಾನೆ. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದು ಕಾದಂಬರಿ ಕೊನೆಗೆ ಒಂದನ್ನು ಮಾತ್ರ ತೆರೆದಿಡುತ್ತದೆ: ದೂರ್ವಾಸಪುರದ ಬ್ರಾಹ್ಮಣರ ಎದುರು ನಿಂತು ಈ ಮನುಷ್ಯ, ತಾನು ಚಂದ್ರಿಯೊಡನೆ ಕೂಡಿದ್ದೂ ಸೇರಿ, ನಡೆದದ್ದನ್ನು ಹೇಳಬಲ್ಲನೇ, ಹೇಳಿದ ಮೇಲೆ ಏನಾಗುತ್ತಾನೆ? ಯಾವ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಅವರು ಅಗ್ರಹಾರದಿಂದ ಹೊರಟಿದ್ದರೋ ಆ ಪ್ರಶ್ನೆಯೇ ಅಲ್ಲಿ ಈಗ ಉಳಿದಿಲ್ಲ ಎಂಬ ವ್ಯಂಗ್ಯವನ್ನೂ ಇದರ ಜೊತೆಗಿಟ್ಟು ನೋಡಿ. ನಿಮ್ಮ ಲೇಖನದಲ್ಲಿ ಶವದ ಪ್ರಸ್ತಾಪವೇ ಇಲ್ಲವೆಂಬುದು ನನಗೆ ಆಶ್ಚರ್ಯ ತಂದಿತು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ವಿಷಯದಲ್ಲಿ ನಿಮ್ಮ ತೊಡಕು ಬೇರೆ. ಮೊದಲ ವಾಕ್ಯದಲ್ಲಿ ‘ಅನಿತಾಳ ಕೊಲೆಯಾಗುತ್ತದೆ’ ಎನ್ನುತ್ತೀರಿ, ಐದನೆಯ ವಾಕ್ಯದಲ್ಲಿ ಮುಕ್ತಾಯ ಸಂದಿಗ್ಧವೆನ್ನುತ್ತೀರಿ. ಎರಡೂ ಒಟ್ಟಿಗೆ ನಿಲ್ಲವು. ಪುಸ್ತಕದಲ್ಲಿರುವುದು ಇಷ್ಟೇ: ಹೈದರಾಬಾದಿಗೆ ಹೋದ ನಿರೂಪಕನ ಹೆಂಡತಿ ಅನಿತಾ ಬರಬೇಕಾದ ವೇಳೆಗೆ ಬಂದಿಲ್ಲ, ಮನೆಯವರು ಕೊಲೆಗಳ ಬಗ್ಗೆ ಹಗುರವಾಗಿ ಆಡಿದ ಮಾತು ಅವನ ತಲೆಯಲ್ಲಿ ಉಳಿದಿದೆ, ಕಾಫಿ ಹೌಸಿನಲ್ಲಿ ಗ್ಲಾಸು ಒಡೆದು ಕೈಗೆ ರಕ್ತ ಬರುತ್ತದೆ, ಅದನ್ನು ತೊಳೆದುಕೊಳ್ಳಬೇಕೆಂದು ವೇಟರ್ ವಿನ್ಸೆಂಟ್ ಹೇಳುತ್ತಾನೆ. ಇದರಿಂದ ಯಾವ ನ್ಯಾಯಾಲಯವೂ ಏನನ್ನೂ ಸಾಬೀತುಪಡಿಸಲಾರದು. ಆದರೂ ಓದಿದವರ ಎದೆ ನಡುಗುತ್ತದೆಯಲ್ಲ, ಅದು ಹೇಗೆಂಬುದೇ ನೀವು ಬರೆಯಬೇಕಾಗಿದ್ದ ಲೇಖನ. ಉತ್ತರ ಪುಸ್ತಕದ ಹಿಂದಿನ ಪುಟಗಳಲ್ಲಿದೆ. ಹಳೆಯ ಮನೆಯಲ್ಲಿ ಇರುವೆಗಳನ್ನು ಕೊಲ್ಲುವುದರಲ್ಲಿ ಆ ಕುಟುಂಬ ಕಂಡುಕೊಳ್ಳುವ ತೃಪ್ತಿ, ಚಿಕ್ಕಪ್ಪನನ್ನು ಹುಡುಕಿ ಬಂದ ಹೆಣ್ಣನ್ನು ಬಾಗಿಲಿನಿಂದ ಓಡಿಸುವಾಗ ಒಂದಾಗುವ ಆ ಮನೆಯವರ ದನಿ, ಇವುಗಳನ್ನು ಓದಿಕೊಂಡು ಬಂದವರಿಗೆ ಆ ಮನೆ ಏನು ಮಾಡಬಲ್ಲದು ಎಂಬುದರಲ್ಲಿ ಅನುಮಾನ ಉಳಿದಿರುವುದಿಲ್ಲ. ಮಾಡಿತೇ ಎಂಬುದು ಮಾತ್ರ ತಿಳಿಯದು. ಅಂಥ ಭಯ ಸ್ವಂತ ಮಗನಿಗೇ ಹುಟ್ಟುತ್ತದೆ ಎಂಬುದೇ ಆ ಕುಟುಂಬದ ಮೇಲಿನ ತೀರ್ಪು, ಮತ್ತು ಅದರಲ್ಲಿ ಸಂದಿಗ್ಧತೆ ಎಳ್ಳಷ್ಟೂ ಇಲ್ಲ.

ಪಟ್ಟಿಯಲ್ಲಿ ಸೇರಬಾರದವೂ ಸೇರಿವೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದ (1980) ಕೊನೆಯಲ್ಲಿ ಹಾರುವ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುವುದು ನಷ್ಟವೇ ಹೊರತು ಅಸ್ಪಷ್ಟತೆಯಲ್ಲ, ಅಲ್ಲಿ ನಡೆದದ್ದು ಏನೆಂಬ ಬಗ್ಗೆ ಯಾರಿಗೂ ಗೊಂದಲವಿಲ್ಲ. ಅಕಿರಾ ಕುರೊಸಾವಾರ ‘ರಾಶೊಮಾನ್’ (1950) ಚಿತ್ರದಲ್ಲಿ ಒಬ್ಬೊಬ್ಬ ಸಾಕ್ಷಿ ಒಂದೊಂದು ಹೇಳುವುದರಿಂದ ಕೊಲೆಯ ಸತ್ಯ ಬಗೆಹರಿಯುವುದಿಲ್ಲ, ನಿಜ. ಆದರೆ ಅದರ ಮುಕ್ತಾಯವಂತೂ ಅತ್ಯಂತ ಸ್ಪಷ್ಟ. ಮಳೆ ನಿಲ್ಲುತ್ತದೆ, ಮರ ಕಡಿಯುವವನು ಅನಾಥ ಶಿಶುವನ್ನು ಎತ್ತಿಕೊಂಡು ನಡೆಯುತ್ತಾನೆ, ಮನುಷ್ಯರ ಮೇಲಿನ ನಂಬಿಕೆ ಸನ್ಯಾಸಿಗೆ ಮರಳುತ್ತದೆ. ಚಿತ್ರಕ್ಕೆ ಆಧಾರವಾದ, ಜಪಾನಿ ಲೇಖಕ ಅಕುತಗಾವಾರ 1922ರ ಕತೆಯಲ್ಲಿ ಈ ಶಿಶುವಿಲ್ಲ. ಅದು ಸತ್ತವನ ಪ್ರೇತದ ಸಾಕ್ಷ್ಯದೊಂದಿಗೆ ಯಾವ ಸಮಾಧಾನವನ್ನೂ ಹೇಳದೆ ನಿಂತುಬಿಡುತ್ತದೆ. ಕತೆಯನ್ನೂ ಚಿತ್ರವನ್ನೂ ಎದುರುಬದುರು ಇಟ್ಟು ನೋಡಿದ್ದರೆ ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ.

‘ಇನ್‌ಸೆಪ್ಷನ್’ (2010) ಚಿತ್ರದ ಕೊನೆಯಲ್ಲಿ, ತಾನಿರುವುದು ಕನಸಿನಲ್ಲೋ ಎಚ್ಚರದಲ್ಲೋ ಎಂದು ತಿಳಿಯಲು ನಾಯಕ ಕಾಬ್ ತಿರುಗಿಸುವ ಬುಗುರಿ ಬಿತ್ತೇ ಬೀಳಲಿಲ್ಲವೇ ಎಂಬ ಚರ್ಚೆಯನ್ನು ಪೂರ್ತಿ ತೆಗೆದುಹಾಕಿ. ಬುಗುರಿಯನ್ನು ತಿರುಗಿಸಿದ ಕಾಬ್ ಅದರ ಫಲಿತಾಂಶಕ್ಕೆ ಕಾಯದೆ ಮಕ್ಕಳ ಕಡೆಗೆ ಹೋಗುತ್ತಾನೆ ಎಂಬುದನ್ನು ನೀವು ಹೇಳಿಯೇ ಇಲ್ಲ; ಆ ದೃಶ್ಯದಲ್ಲಿ ಬರೆಯಲು ಯೋಗ್ಯವಾದದ್ದು ಅದೊಂದೇ.

‘ಲೇಖನಿಯನ್ನು ನಡುವೆಯೇ ಕೆಳಗಿಡುವ ಧೈರ್ಯ’ ಎಂದು ಒಂದು ಕಡೆ ಇಂಥ ಮುಕ್ತಾಯಗಳನ್ನು ಹೊಗಳಿದ್ದೀರಿ. ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಾದಂಬರಿಯ ಇತಿಹಾಸ ಈ ಹೊಗಳಿಕೆಗೆ ವಿರುದ್ಧವಾಗಿದೆ. ನಾಯಕ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲಾ ಅಗಲಿಹೋಗುವ ಖಚಿತವಾದ ಕೊನೆಯನ್ನು ಡಿಕನ್ಸ್ ಮೊದಲು ಬರೆದಿದ್ದ. ಗೆಳೆಯ ಬುಲ್ವರ್ ಲಿಟ್ಟನ್‌ನ ಸಲಹೆಯಂತೆ 1861ರಲ್ಲಿ ಅದನ್ನು ಬದಲಿಸಿದ. ಆಮೇಲಿನ ಮುದ್ರಣಗಳಿಗಾಗಿ ಕೊನೆಯ ವಾಕ್ಯವನ್ನೂ ತಿದ್ದಿದ. ಅವರಿಬ್ಬರೂ ಜೊತೆಯಾಗಿ ಉಳಿದರೇ ಎಂದು ಇಂದಿಗೂ ವಾದಿಸಲು ಸಾಧ್ಯವಾಗಿರುವುದು ಈ ತಿದ್ದುಪಡಿಗಳಿಂದ, ನಡುವೆ ನಿಲ್ಲಿಸಿದ್ದರಿಂದಲ್ಲ.

ಲೇಖನವನ್ನು ಮತ್ತೆ ಬರೆಯುವುದಾದರೆ ಹನ್ನೆರಡರಲ್ಲಿ ಎರಡನ್ನು ಮಾತ್ರ ಉಳಿಸಿಕೊಳ್ಳಿ. ಯಾವ ಎರಡು ಎಂಬುದು ನಿಮ್ಮ ಆಯ್ಕೆ, ಆದರೆ ನೆನಪಿನಿಂದ ಬರೆಯದೆ ಕೃತಿಗಳನ್ನು ಮತ್ತೆ ಓದಿ ಅಥವಾ ನೋಡಿ ಬರೆಯಿರಿ. ಕಥಾಸಾರ ನಾಲ್ಕು ವಾಕ್ಯ ಮೀರದಿರಲಿ. ‘ಅದ್ಭುತ’, ‘ಮನಕಲಕುವ’ ಮೊದಲಾದ ವಿಶೇಷಣಗಳನ್ನು ತೆಗೆಯಿರಿ. ಕೊನೆಯನ್ನು ಮೊದಲೇ ಬಯಲು ಮಾಡಿದ್ದಕ್ಕೆ ನೀವು ಓದುಗರಲ್ಲಿ ಮೂರು ಸಲ ಕ್ಷಮೆ ಕೇಳಿದ್ದೀರಿ. ಮುಕ್ತಾಯಗಳ ಬಗೆಗಿನ ಲೇಖನವನ್ನು ಓದಲು ಕೂತವರಿಗೆ ಅದರ ಅಗತ್ಯವಿಲ್ಲ, ಮೂರನ್ನೂ ಬಿಡಿ. ಹೊಸ ಕರಡನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ