ಆರು ಸಿಲಿಂಡರ್ ಮಸ್ಟಾಂಗ್‌ಗೆ ವಿ8 ಕೂರುತ್ತಾ?

ಪ್ರಶ್ನೆ: ನನ್ನ ಹತ್ತಿರ 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್ ಇದೆ. 200 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಇಂಜಿನ್, ಆಟೋಮ್ಯಾಟಿಕ್ ಗೇರ್. ನೋಡೋಕೆ ಚೆಂದ, ಆದರೆ ಹೈವೇಗೆ ಸೇರುವಾಗ ಎಳೆಯುವುದೇ ಇಲ್ಲ. ಗೆಳೆಯರೊಬ್ಬರು 1989ರ ಮಸ್ಟಾಂಗ್‌ನಿಂದ ಇಳಿಸಿದ 302 ಕ್ಯೂಬಿಕ್ ಇಂಚಿನ ವಿ8, ಅಂದರೆ ಎಂಟು ಸಿಲಿಂಡರ್ ಇಂಜಿನ್, ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಎರಡೂ ಮಸ್ಟಾಂಗೇ ಅಲ್ವಾ? ಒಂದು ವೀಕೆಂಡ್‌ನಲ್ಲಿ ಕೂರಿಸಬಹುದಾ?
— ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಕೂರುತ್ತದೆ. ವೀಕೆಂಡ್‌ನಲ್ಲಿ ಖಂಡಿತ ಆಗುವುದಿಲ್ಲ.

ಜಾಗದ ಚಿಂತೆ ಬೇಡ. ಇದೇ ಬಾನೆಟ್ ಕೆಳಗೆ ಫೋರ್ಡ್‌ನವರೇ 289 ವಿ8 ಹಾಕಿ ಮಾರುತ್ತಿದ್ದರು, 302 ಅದರ ತಮ್ಮ. ಯಾರಾದರೂ "ಹಾಕೋದೇ ಆದ್ರೆ 351 ಹಾಕಿ" ಅಂದರೆ ನಕ್ಕು ಸುಮ್ಮನಾಗಿ. ಅದರ ಬ್ಲಾಕ್ ಒಂದು ಇಂಚಿಗಿಂತ ಜಾಸ್ತಿ ಎತ್ತರ, ಎತ್ತರ ಹೆಚ್ಚಾದಂತೆ ವಿ ಇಂಜಿನ್‌ನ ಅಗಲವೂ ಹೆಚ್ಚುತ್ತದೆ. ಎರಡು ಶಾಕ್ ಟವರ್‌ಗಳ (ಇಂಜಿನ್‌ನ ಎರಡೂ ಬದಿ ಮುಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂರುವ ತಗಡಿನ ಗೋಪುರ) ನಡುವೆ ಎಕ್ಸಾಸ್ಟ್ ಪೈಪ್ ತೂರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಫೋರ್ಡ್ ಕೂಡ 390 ಇಂಜಿನ್ ಕೊಟ್ಟಿದ್ದು 1967ರಲ್ಲಿ ಕಾರನ್ನೇ ಅಗಲ ಮಾಡಿದ ಮೇಲೆ.

ನಿಜವಾದ ತಲೆನೋವು ಇಂಜಿನ್ ಅಲ್ಲ, ಅದರ ಸುತ್ತ ಇರುವುದು. ಆರು ಸಿಲಿಂಡರ್ ಮಸ್ಟಾಂಗ್ ಮತ್ತು ವಿ8 ಮಸ್ಟಾಂಗ್ ಹೊರಗಿನಿಂದ ಒಂದೇ, ತಗಡಿನ ಕೆಳಗೆ ಹೆಚ್ಚುಕಡಿಮೆ ಬೇರೆ ಬೇರೆ ಕಾರು. ಈಗಲೇ ಹೋಗಿ ಚಕ್ರ ನೋಡಿ. ನಿಮ್ಮದಕ್ಕೆ ನಾಲ್ಕು ನಟ್ ಇರುತ್ತವೆ, ವಿ8 ಕಾರಿಗೆ ಐದು. ನಿಮ್ಮ ಮುಂದಿನ ಬ್ರೇಕ್ ಡ್ರಮ್ 9 ಇಂಚು, ಅದರದ್ದು 10. ಹಿಂದಿನ ಆಕ್ಸಲ್‌ನ ಕ್ರೌನ್ ನಿಮ್ಮದು 7.25 ಇಂಚು, ಅದರದ್ದು 8. ಟೈ ರಾಡ್ ನಿಮ್ಮದು ಸಣ್ಣ, ಮುಂದಿನ ಸ್ಪ್ರಿಂಗ್ ಮೆತ್ತಗೆ, ರೇಡಿಯೇಟರ್ ಚಿಕ್ಕದು. ಇವೆಲ್ಲ 120 ಹಾರ್ಸ್‌ಪವರ್‌ಗೆ ಅಂತ ಮಾಡಿದ್ದು. ಗೆಳೆಯರ ಇಂಜಿನ್ 225 ಕೊಡುತ್ತದೆ. ಅದೂ ಅಲ್ಲದೆ 1966ರ ಆ 120 ಅನ್ನುವುದು ಫ್ಯಾನ್, ಸೈಲೆನ್ಸರ್ ಇಲ್ಲದೆ ಬರೀ ಇಂಜಿನ್ ಓಡಿಸಿ ಅಳೆದ ಲೆಕ್ಕ, 225 ಎಲ್ಲ ಜೋಡಿಸಿ ಅಳೆದದ್ದು, ಹಾಗಾಗಿ ವ್ಯತ್ಯಾಸ ಕಾಗದದಲ್ಲಿ ಕಾಣುವುದಕ್ಕಿಂತ ಇನ್ನೂ ಜಾಸ್ತಿ.

ಇನ್ನೊಂದು ವಿಷಯ, ಇದು ಆರು ಸಿಲಿಂಡರ್ ಇಟ್ಟುಕೊಂಡರೂ ಅನ್ವಯಿಸುತ್ತದೆ. 1966ರ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಭಾಗ) ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. 1967ರಿಂದ ಎರಡು ಸರ್ಕ್ಯೂಟ್ ಬಂತು. ಅದನ್ನು ಮೊದಲು ಹಾಕಿಸಿ.

ನನ್ನ ಸಲಹೆ ಇಷ್ಟು: ಬ್ರೇಕ್, ಹಿಂದಿನ ಆಕ್ಸಲ್, ಸ್ಟೀರಿಂಗ್, ಸ್ಪ್ರಿಂಗ್ ಎಲ್ಲ ಮೊದಲು ವಿ8ನದ್ದಕ್ಕೆ ಬದಲಿಸಿ, ಹಳೆಯ ಇಂಜಿನ್‌ನಲ್ಲೇ ಸ್ವಲ್ಪ ದಿನ ಓಡಿಸಿ. ದುಡ್ಡು ಅರ್ಧ ದಾರಿಯಲ್ಲಿ ಮುಗಿದರೂ ಓಡುವ ಕಾರು ಕೈಯಲ್ಲಿರುತ್ತದೆ. ಮೊದಲೇ ಇಂಜಿನ್ ಬಿಚ್ಚಿಟ್ಟವರ ಕಾರು ಗ್ಯಾರೇಜಿನಲ್ಲಿ ಟಾರ್ಪಾಲ್ ಹೊದ್ದು ವರ್ಷಗಟ್ಟಲೆ ಕೂತಿರುತ್ತದೆ.

ಈ ಕೆಲಸ ಮಾಡುವಾಗ ಮುಂದಿನ ಚಕ್ರ ಬಿಚ್ಚಿರುತ್ತೀರಲ್ಲ, ಆಗ ಟಾರ್ಚ್ ಹಿಡಿದು ಶಾಕ್ ಟವರ್ ನೋಡಿ. ಮೇಲಿನ ಕಂಟ್ರೋಲ್ ಆರ್ಮ್‌ನ (ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು) ಎರಡು ಬೋಲ್ಟ್ ಕೂರುವ ಜಾಗದ ಸುತ್ತ ಗ್ರೀಸ್, ಮಣ್ಣು ಕೆರೆದು ತೆಗೆಯಿರಿ. ಕೂದಲೆಳೆಯಷ್ಟು ಬಿರುಕು ಇದ್ದರೂ ವೆಲ್ಡರ್‌ಗೆ ತೋರಿಸಿ, ಅದರ ಮೇಲೆ ಬಣ್ಣ ಹೊಡೆದು ಮುಂದೆ ಹೋಗಬೇಡಿ. ವಿ8 ಕೂತ ಮೇಲೆ ಅಲ್ಲಿ ಭಾರ ಇನ್ನೂ ಜಾಸ್ತಿ ಬೀಳುತ್ತದೆ.

ಇನ್ನು ಗೆಳೆಯರ ಇಂಜಿನ್. ಅದರ ಆಯಿಲ್ ಸಂಪ್‌ಗೆ ಮುಂದೊಂದು ಹಿಂದೊಂದು ಎರಡು ಗುಂಡಿ, ನಿಮ್ಮ ಕಾರಿಗೆ ಮುಂದಿನ ಗುಂಡಿ ಮಾತ್ರ ಇರುವ ಸಂಪ್ ಬೇಕು, ಜೊತೆಗೆ ಒಳಗಿನ ಆಯಿಲ್ ಹೀರುವ ಪಿಕಪ್ ಪೈಪ್ ಕೂಡ. ಅದು ಇಂಜೆಕ್ಷನ್ ಇಂಜಿನ್, ಟೈಮಿಂಗ್ ಕವರ್‌ನಲ್ಲಿ ಪೆಟ್ರೋಲ್ ಪಂಪ್ ಕೂರಿಸಲು ಜಾಗವೇ ಇಲ್ಲ. ಕಾರ್ಬುರೇಟರ್ ಹಾಕುವುದಾದರೆ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಹಾಕಿ. ವಾಟರ್ ಪಂಪ್ ಕೂಡ ಉಲ್ಟಾ ತಿರುಗುತ್ತದೆ, ಹಳೆಯ ಬೆಲ್ಟ್, ಹೊಸ ಪಂಪ್ ಬೆರೆಸಿದರೆ ಇಂಜಿನ್ ಕುದಿಯುತ್ತದೆ. ಇಂಜಿನ್ ನಡುಗದಂತೆ ತಿರುಗುವ ಭಾಗಕ್ಕೆ ಕೊಡುವ ಬ್ಯಾಲೆನ್ಸ್ ತೂಕ ಹಳೆಯ 302ಗೆ 28 ಔನ್ಸ್, 1989ರದ್ದಕ್ಕೆ 50. ಅಂಗಡಿಯವರು "302 ತಾನೇ" ಅಂತ ಹಳೆಯ ಫ್ಲೆಕ್ಸ್ ಪ್ಲೇಟ್ (ಇಂಜಿನ್ ಹಿಂದೆ ಗೇರ್‌ಬಾಕ್ಸ್‌ಗೆ ಜೋಡಿಸುವ ತಟ್ಟೆ) ಕೊಟ್ಟರೆ ಇಡೀ ಕಾರು ನಡುಗುತ್ತದೆ. ಪ್ಲಗ್ ವೈರ್ ಜೋಡಿಸುವಾಗ 1966ರ ಪುಸ್ತಕ ನೋಡಬೇಡಿ. ಸಿಲಿಂಡರ್‌ಗಳು ಉರಿಯುವ ಕ್ರಮ ಅದರಲ್ಲಿ 1-5-4-2-6-3-7-8 ಅಂತಿರುತ್ತದೆ, ಈ ಇಂಜಿನ್‌ನದ್ದು 1-3-7-2-6-5-4-8. ಎಷ್ಟೋ ಜನ ಇಲ್ಲೇ ಎಡವಿ ಕಾರ್ಬುರೇಟರ್‌ನಿಂದ ಪಟಪಟ ಸದ್ದು ಬರುತ್ತಿದೆ ಅಂತ ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತಾರೆ. ಈಗಿರುವ ಗೇರ್‌ಬಾಕ್ಸ್‌ನ ಬೆಲ್ ಹೌಸಿಂಗ್ (ಇಂಜಿನ್‌ಗೆ ಬೋಲ್ಟ್ ಆಗುವ ಮುಂಭಾಗ) ವಿ8ಗೆ ಹೊಂದುವುದಿಲ್ಲ, ಇಂಜಿನ್ ಮೌಂಟ್ ಕೂಡ ಬೇರೆಯದೇ ಬೇಕು.

ಕಾನೂನಿನ ಮಟ್ಟಿಗೆ ನೀವು ಪುಣ್ಯವಂತರು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ.

ಪ್ರಶ್ನೆ: ಇಂಜಿನ್ ಬದಲಿಸಿದರೆ ಹಳೆ ಕಾರಿನ ಬೆಲೆ ಬೀಳುತ್ತದೆ ಅನ್ನುತ್ತಾರಲ್ಲ? (ಅದೇ ಓದುಗರು)

ಉತ್ತರ: ನಿಮ್ಮ ಕಾರಿನ ಸೀರಿಯಲ್ ನಂಬರ್‌ನ ಐದನೇ ಅಕ್ಷರ ಓದಿ. 'ಟಿ' ಇದ್ದರೆ 200 ಆರು ಸಿಲಿಂಡರ್, 'ಸಿ' ಅಥವಾ 'ಎ' ಇದ್ದರೆ 289, 'ಕೆ' ಇದ್ದರೆ 271 ಹಾರ್ಸ್‌ಪವರ್‌ನ 289. 'ಕೆ' ಕಾರಿನ ಇಂಜಿನ್ ಇಳಿಸುತ್ತೇನೆ ಅಂದಿದ್ದರೆ ಬೈಯುತ್ತಿದ್ದೆ. ಫೋರ್ಡ್ ಆ ವರ್ಷ ಆರು ಲಕ್ಷಕ್ಕೂ ಹೆಚ್ಚು ಮಸ್ಟಾಂಗ್ ಮಾಡಿತು, 'ಟಿ' ಹಾರ್ಡ್‌ಟಾಪ್‌ಗಳಿಗೆ ಬರವಿಲ್ಲ. ಆದರೆ ಮಾರುವಾಗ ವಿ8 ಕಾರು ಅಂತ ಹೇಳಿ ಮಾರಬೇಡಿ, ತಿಳಿದವರು ನಂಬರ್ ನೋಡಿಯೇ ಹಿಡಿಯುತ್ತಾರೆ. ಹಳೆಯ ಇಂಜಿನ್ ಮೂಲೆಯಲ್ಲಿ ಇಟ್ಟುಕೊಳ್ಳಿ.

ಅಂದಹಾಗೆ ಎರಡನೇ ಅಕ್ಷರ 'ಆರ್' ಇದೆಯಾ? ಇದ್ದರೆ ನಿಮ್ಮ ಕಾರು ಹುಟ್ಟಿದ್ದು ಪಕ್ಕದ ಮಿಲ್ಪಿಟಸ್‌ನಲ್ಲಿ. ಆ ಫ್ಯಾಕ್ಟರಿ 1983ರಲ್ಲಿ ಮುಚ್ಚಿತು, ಈಗ ಅದೇ ಗ್ರೇಟ್ ಮಾಲ್. ನೀವು ಅಲ್ಲಿ ಬಟ್ಟೆ ಕೊಂಡಿರುತ್ತೀರಿ.

ಪ್ರಶ್ನೆ: ತಾತನ ಪ್ಲಿಮತ್ ಕಾರಿಗೆ ಯಾವ ಕಾಲದಲ್ಲೋ ಡೀಸೆಲ್ ಇಂಜಿನ್ ಹಾಕಿಸಿದ್ದಾರೆ. ಈಗ ದೊಡ್ಡ ಪೆಟ್ರೋಲ್ ಇಂಜಿನ್ ಹಾಕಿಸಬಹುದಾ?
— ಓದುಗರು, ಮೈಸೂರು

ಉತ್ತರ: ಪೆಟ್ರೋಲ್ ಖರ್ಚಿಗೆ ಹೆದರಿ ನಮ್ಮಲ್ಲಿ ಎಷ್ಟೋ ಅಮೆರಿಕನ್ ಕಾರುಗಳಿಗೆ ಹೀಗೆ ಡೀಸೆಲ್ ಹಾಕಿದ್ದಾರೆ. ಮೊದಲು ಆರ್‌ಸಿ ತೆಗೆದು ಇಂಧನ ಅನ್ನುವ ಕಡೆ ಏನಿದೆ, ಇಂಜಿನ್ ನಂಬರ್ ತಾಳೆ ಆಗುತ್ತದಾ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಸುಮ್ನೆ ಮನಸ್ಸಿಗೆ ಬಂದ ಇಂಜಿನ್ ಹಾಕುವಂತಿಲ್ಲ, ಆರ್‌ಟಿಒ ಒಪ್ಪಿಗೆ ಬೇಕೇ ಬೇಕು. ನನ್ನನ್ನು ಕೇಳಿದರೆ ದೊಡ್ಡದು ಬೇಡ. ಐವತ್ತರ ದಶಕದ ಕಾರಾಗಿದ್ದರೆ ಕಂಪನಿಯ ಹಳೆಯ ಆರು ಸಿಲಿಂಡರ್ ಫ್ಲಾಟ್‌ಹೆಡ್ ಇಂಜಿನ್ನೇ ಹುಡುಕಿ, ಬಿಡಿಭಾಗ ಈಗಲೂ ಅಮೆರಿಕದಿಂದ ತರಿಸಬಹುದು. ಇಂಜಿನ್ ಕೊಳ್ಳುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ, ಕೊಂಡ ಮೇಲೆ ಅಲ್ಲ.