ಎತ್ತಿನ ಕಣ್ಣು ಹೋಯಿತು, ನನ್ನ ನಿದ್ದೆಯೂ ಹೋಯಿತು

ಅಕ್ಕಾ, ನಮಸ್ಕಾರ. ನನಗೆ 36 ವರ್ಷ. ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಕಬ್ಬು, ಒಂದು ಜೋಡಿ ಖಿಲಾರಿ ಎತ್ತು ಇವೆ. ಹಂಗಾಮಿನಲ್ಲಿ ಬೇರೆಯವರ ಕಬ್ಬನ್ನೂ ಚಕ್ಕಡಿಯಲ್ಲಿ ಫ್ಯಾಕ್ಟರಿಗೆ ಸಾಗಿಸುತ್ತೇನೆ. ಜನವರಿಯಲ್ಲಿ ಒಮ್ಮೆ ಎರಡು ರಾತ್ರಿ ಫ್ಯಾಕ್ಟರಿ ಮುಂದೆ ಚಕ್ಕಡಿಗಳ ಪಾಳಿಯಲ್ಲಿ ನಿಂತಿದ್ದೆ. ಮನೆಗೆ ಬಂದವನು ಮಲಗದೆ ಇನ್ನೊಂದು ಖೇಪು ತುಂಬಿಕೊಂಡು ಹೊರಟೆ. ಏರಿನಲ್ಲಿ ಬಲಗಡೆಯ ಎತ್ತು, ಸರದಾರ ಅಂತ ಅವನ ಹೆಸರು, ಮೊಣಕಾಲೂರಿ ಕುಳಿತುಬಿಟ್ಟ. ಹಿಂದೆ ಟ್ರ್ಯಾಕ್ಟರಿನವರು ಹಾರ್ನ್ ಹೊಡೆಯುತ್ತಿದ್ದರು. ನನಗೆ ಏನಾಯಿತೋ, ಕೆಳಗಿಳಿದು ಬಾರುಕೋಲಿನಿಂದ ಅವನ ಮುಖದ ಮೇಲೆ ಹೊಡೆದೆ. ಎಷ್ಟು ಸಲ ಅಂತ ನೆನಪಿಲ್ಲ. ಕೋಲಿನ ತುದಿಯ ಮೊಳೆ ಬಲಗಣ್ಣಿಗೆ ಬಡಿಯಿತು. ಕಬ್ಬಿನ ರವದಿ (ಒಣಗಿದ ಎಲೆ) ಚುಚ್ಚಿತು ಅಂತ ಡಾಕ್ಟರಿಗೂ ಮನೆಯಲ್ಲೂ ಹೇಳಿದೆ. ಕಣ್ಣು ಉಳಿಯಲಿಲ್ಲ. ಇದನ್ನು ನೋಡಿದ್ದು ಚಕ್ಕಡಿ ಮೇಲೆ ಕೂತಿದ್ದ ನನ್ನ ಎಂಟು ವರ್ಷದ ಮಗ ಒಬ್ಬನೇ.

ಕಾರ ಹುಣ್ಣಿಮೆಗೆ ಊರೆಲ್ಲ ಎತ್ತಿಗೆ ಬಣ್ಣ ಹಚ್ಚಿ ಜೂಲ ಹಾಕುತ್ತಿದ್ದರೆ ನಾನು ತಂಗಿಯ ಊರಿಗೆ ಹೋಗಿ ಕೂತೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಗ ಜೋಡಿ ಎತ್ತು ಮಾಡಿದ. ಒಂದಕ್ಕೆ ಎರಡು ಗುಲಗಂಜಿ ಕಣ್ಣು, ಇನ್ನೊಂದಕ್ಕೆ ಒಂದೇ. ನೋಡಿ ನನಗೆ ಸಿಟ್ಟು ಬಂತು. ಅವನೆದುರೇ ಆ ಎತ್ತನ್ನು ಹಿಚುಕಿಬಿಟ್ಟೆ. ಸಣ್ಣ ಸಣ್ಣದಕ್ಕೂ ಸಿಟ್ಟು. ಮೊನ್ನೆ ಹೆಂಡತಿ ಕಡೆ ತಾಟು ಎಸೆದೆ. ಕೂಡಲಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿ ಬಂದೆ, ಮನಸ್ಸು ಹಗುರ ಆಗಲಿಲ್ಲ. ಒಂದೆರಡು ರಾತ್ರಿ ಬಾವಿ ಕಟ್ಟೆ ಮೇಲೆ ಕೂತು ಏನೇನೋ ಯೋಚನೆ ಮಾಡಿದ್ದೇನೆ. ನಾನು ಒಳಗೆ ಹೋದರೆ ಸರದಾರ ನಡುಗಿ ಹಿಂದೆ ಸರಿಯುತ್ತಾನೆ. ಅವನ ಶಾಪ ನನಗೆ ತಟ್ಟಿದೆಯಾ? ಭಾನುವಾರ ದಲ್ಲಾಳಿ ಬರುತ್ತಾನೆ. ಕಣ್ಣೆದುರು ಇರದಿದ್ದರೆ ಮರೆಯಬಹುದು ಅಂತ ಅಪ್ಪ ಹೇಳುತ್ತಾರೆ. ಮಾರಿಬಿಡಲಾ?

(ಪತ್ರ ಉದ್ದವಿತ್ತು, ಚಿಕ್ಕದು ಮಾಡಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.)

ತಮ್ಮಾ,

ನೀವು ಅಕ್ಕಾ ಅಂದಿದ್ದೀರಿ, ಅದಕ್ಕೆ ನಾನೂ ತಮ್ಮಾ ಅಂತಲೇ ಕರೆಯುತ್ತೇನೆ.

ಎತ್ತಿನ ಮಾತು ಆಮೇಲೆ. ಮೊದಲು ಬಾವಿಯ ಮಾತು. ಕಟ್ಟೆ ಮೇಲೆ ಕೂತು ಮಾಡಿದ ಯೋಚನೆ ಸಾಯುವುದೇ ಆಗಿದ್ದರೆ, ಈ ಕಾಗದ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಬೇಡ, "ನನಗ ನಿದ್ದಿ ಬರವಲ್ದು, ಬಾವಿ ಕಡೆ ಹೋಗೂ ಹಂಗ ಆಗತೈತಿ" ಅಂದರೂ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ, ಹೆಂಡತಿಗೋ ತಂಗಿಗೋ, ಈ ವಿಷಯ ಗೊತ್ತಿರಲಿ. ರಾತ್ರಿ ಒಬ್ಬರೇ ಹೊಲಕ್ಕೆ ನೀರು ಹಾಯಿಸಲು ಹೋಗುವುದು ಸದ್ಯಕ್ಕೆ ಬೇಡ. ಆರು ತಿಂಗಳಿಂದ ನಿದ್ದೆ ಸರಿಯಿಲ್ಲ, ತಾಟು ಎಸೆಯುವಷ್ಟು ಸಿಟ್ಟು, ಮೇಲೆ ಇಂಥ ಯೋಚನೆ. ಇಷ್ಟಾದ ಮೇಲೆ ಒಮ್ಮೆ ಮನಸ್ಸಿನ ಡಾಕ್ಟರಿಗೆ ತೋರಿಸಲೇಬೇಕು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲಾ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ. ಜ್ವರಕ್ಕೆ ಹೋದ ಹಾಗೆ ಹೋಗಿ ಬನ್ನಿ.

ಈಗ ಸರದಾರ.

ನೀವು ತಪ್ಪು ಮಾಡಿದ್ದೀರಿ. ಅದನ್ನು ಸಣ್ಣದು ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ, ಹೇಳಿದರೂ ನೀವು ನಂಬುವುದಿಲ್ಲ. ಎಳೆಯಲಾರದೆ ಕುಳಿತ ಮೂಕ ಪ್ರಾಣಿಯ ಮುಖಕ್ಕೆ ಹೊಡೆದಿರಿ. ನಿಮಗೆ ಎರಡು ರಾತ್ರಿ ನಿದ್ದೆ ಇರಲಿಲ್ಲ ಅಂದಿರಿ. ಅದಕ್ಕಾದರೂ ಎಲ್ಲಿತ್ತು ಹೇಳಿ? ಅದೂ ಅದೇ ಪಾಳಿಯಲ್ಲಿ ನಿಂತಿತ್ತು. ದುಡಿಯುವ ಜಾನುವಾರುಗಳಿಗೆ ಅಂತಲೇ 1965ರ ನಿಯಮಗಳಿವೆ. ದಿನಕ್ಕೆ ಒಟ್ಟು 9 ತಾಸಿಗಿಂತ ಜಾಸ್ತಿ ದುಡಿಸಬಾರದು, 5 ತಾಸಿಗಿಂತ ಜಾಸ್ತಿ ಬಿಡುವು ಕೊಡದೆ ಎಳೆಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ಮೊಳೆ ಇರುವ ಕೋಲು ಬಳಸುವ ಹಾಗೇ ಇಲ್ಲ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ ಇದನ್ನು ಯಾರು ನೋಡುತ್ತಾರೆ ಅಂತ ನೀವು ಕೇಳಬಹುದು, ನಿಜ, ನಾನೂ ರಸ್ತೆಯಲ್ಲಿ ದಿನಾ ನೋಡುತ್ತೇನೆ. ಆದರೆ ಆ ಏರಿನಲ್ಲಿ ಸರದಾರ ಹಟಕ್ಕೆ ಕುಳಿತಿರಲಿಲ್ಲ, ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ. ಇದು ನಿಮಗೂ ಗೊತ್ತು. ಹಿಂದಿನಿಂದ ಹಾರ್ನ್ ಹೊಡೆದವರ ಮೇಲೆ, ಸಾಲದವರ ಮೇಲೆ, ಸಮಯಕ್ಕೆ ಬಾರದ ಬಿಲ್ಲಿನ ಮೇಲೆ ಇದ್ದ ಸಿಟ್ಟೆಲ್ಲ, ತಿರುಗಿ ಒಂದು ಮಾತೂ ಆಡದವನ ಮೇಲೆ ಹೋಯಿತು. ಸಿಟ್ಟು ಯಾಕೆ ಬಂತು ಅಂತ ನೀವು ತಿಳಿದುಕೊಳ್ಳಲೇಬೇಕು. ಮುಂದಿನ ಸಲ ಅದು ಬರುವುದು ಮೊದಲೇ ಕಾಣಲಿ ಅಂತ ಹೇಳುತ್ತಿದ್ದೇನೆ, ಮಾಡಿದ್ದು ಸರಿ ಅನ್ನಿಸಲಿ ಅಂತ ಅಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹೊಡೆದದ್ದರ ಬಗ್ಗೆ ನೀವು ತುಂಬಾ ಬರೆದಿದ್ದೀರಿ. ರವದಿಯ ಸುಳ್ಳಿನ ಬಗ್ಗೆ ಬರೆದದ್ದು ಒಂದೇ ಸಾಲು. ನನಗೆ ಗಂಟು ಕಾಣುವುದು ಅಲ್ಲಿಯೇ. ಹೊಡೆದದ್ದು ಒಂದು ಗಳಿಗೆಯಲ್ಲಿ ಮುಗಿಯಿತು. ಸುಳ್ಳನ್ನು ಮಾತ್ರ ಜನವರಿಯಿಂದ ದಿನಾ ಹೊರುತ್ತಿದ್ದೀರಿ. ಹೆಂಡತಿ ಎತ್ತಿನ ಕಣ್ಣಿಗೆ ಔಷಧಿ ಹಾಕುವಾಗ, "ಹಾಳಾದ ರವದಿ" ಅಂತ ಅಪ್ಪ ಬಯ್ಯುವಾಗ, ಪಕ್ಕದ ಮನೆಯವರು ಬಂದು ಅಯ್ಯೋ ಪಾಪ ಅನ್ನುವಾಗ, ಪ್ರತಿ ಸಲವೂ ನೀವು ತಲೆ ತಗ್ಗಿಸಿ ನಿಲ್ಲಬೇಕು. ಅವರು ಮರುಕ ತೋರಿಸಿದಷ್ಟೂ ನಿಮಗೆ ಒಳಗೊಳಗೇ ಸಿಟ್ಟು. ತಾಟು ಹಾರಿದ್ದು ಅಲ್ಲಿಂದ. ಸಂಗಮದಲ್ಲಿ ಮುಳುಗಿ ಎದ್ದರೂ ಹಗುರ ಆಗಲಿಲ್ಲ ಅಂದಿರಿ. ಹೇಗಾದೀತು ತಮ್ಮಾ, ಹೇಳಬೇಕಾದವರೆಲ್ಲ ಮನೆಯಲ್ಲೇ ಇದ್ದಾರಲ್ಲ.

ಮೊದಲು ಮಗನಿಗೆ. ಎಂಟು ವರ್ಷದ ಹುಡುಗ ಆರು ತಿಂಗಳು ಅಪ್ಪನ ಗುಟ್ಟು ಕಾಪಾಡಿದ್ದಾನೆ. ಒಂದೇ ಗುಲಗಂಜಿ ಇಟ್ಟ ಆ ಮಣ್ಣೆತ್ತು ನಿಮ್ಮನ್ನು ಹಂಗಿಸಲು ಮಾಡಿದ್ದು ಅಂತ ನಿಮಗೆ ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ. ಬಾಯಿಂದ ಹೇಳಲಾಗದ್ದನ್ನು ಅವನು ಮಣ್ಣಿನಲ್ಲಿ ಹೇಳಿದ. ಮನೆಯಲ್ಲಿ ಸರದಾರನ ಕಣ್ಣಿನ ವಿಷಯದಲ್ಲಿ ನಿಜ ಹೇಳಿದ್ದು ಅದೊಂದು ಮಣ್ಣೆತ್ತು ಮಾತ್ರ, ಅದನ್ನೂ ನೀವು ಹಿಚುಕಿದಿರಿ. ಅವನು ನಿಮ್ಮಿಂದ ದೂರ ಇರುವುದು ದ್ವೇಷಕ್ಕೆ ಅಂದುಕೊಳ್ಳಬೇಡಿ. ಸರದಾರನಿಗೆ ಬಿದ್ದ ಏಟು ನಾಳೆ ನನಗೂ ಬೀಳಬಹುದು ಅಂತ ಮಕ್ಕಳು ಲೆಕ್ಕ ಹಾಕುತ್ತಾರೆ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಬೇರೆ ಯಾರೂ ಇಲ್ಲದಾಗ, ಸುತ್ತು ಬಳಸದೆ ಹೇಳಿ. "ನೀ ನೋಡಿದ್ದು ಖರೇನ ಐತಿ. ರವದಿ ಚುಚ್ಚಿಲ್ಲ, ನಾನ ಹೊಡದೇನಿ. ಸುಳ್ಳ ಹೇಳಿದಾಂವನೂ ನಾನ. ನಿಂದೇನೂ ತಪ್ಪಿಲ್ಲ." ಇಷ್ಟು ಸಾಕು. ಅವನ ಮುಂದೆ ಅತ್ತು ಕರೆದು, ನನ್ನ ಕ್ಷಮಿಸ್ತೀಯೇನು ಅಂತ ಕೇಳಬೇಡಿ. ಆ ಭಾರವನ್ನೂ ಮಗುವಿನ ಮೇಲೆ ಹಾಕಿದ ಹಾಗಾಗುತ್ತದೆ. ಅವನು ಏನೂ ಮಾತಾಡದೆ ಎದ್ದು ಹೋಗಬಹುದು. ಹೋಗಲಿ, ಬಿಡಿ.

ಆಮೇಲೆ ಹೆಂಡತಿಗೆ, ಅಪ್ಪನಿಗೆ. ಹೆಂಡತಿಗೆ ತಾಟಿನ ಬಗ್ಗೆಯೂ ಹೇಳಬೇಕು. ಇವತ್ತು ತಾಟು ಗೋಡೆಗೆ ಬಡಿಯಿತು. ನಾಳೆ ಎಲ್ಲಿ ಬಡಿದೀತು ಅಂತ ಅವರಿಗೆ ಒಳಗೇ ಭಯ ಇರುತ್ತದೆ, ಬಾಯಿಬಿಟ್ಟು ಹೇಳದಿದ್ದರೂ. ಒಂದು ವೇಳೆ ಅವರು ಸ್ವಲ್ಪ ದಿನ ತವರಿಗೆ ಹೋಗುತ್ತೇನೆ ಅಂದರೆ ತಡೆಯಬೇಡಿ.

ಮತ್ತೆ ದನದ ಡಾಕ್ಟರಿಗೆ ನಿಜ ಹೇಳಬೇಕು. ಇದನ್ನು ಮನಸ್ಸಿನ ಸಮಾಧಾನಕ್ಕೆ ಹೇಳುತ್ತಿಲ್ಲ, ಎತ್ತಿನ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ. ಎಲೆ, ಕಡ್ಡಿ ಚುಚ್ಚಿದ ಕಣ್ಣಿನಲ್ಲಿ ಬೂಷ್ಟಿನ ಸೋಂಕು ಆಗುವ ಭಯ ಜಾಸ್ತಿ, ಡಾಕ್ಟರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನೋಡುತ್ತಾರೆ. ಮೊಳೆ ಆಳಕ್ಕೆ ಹೋಗಿದ್ದರೆ ನೋಡುವ ರೀತಿಯೇ ಬೇರೆ. ಕಣ್ಣು ಹೋಯಿತು, ಇನ್ನೇನಿದೆ ಅಂತ ಬಿಡಬೇಡಿ, ಕಾಣದ ಕಣ್ಣೂ ನೋಯುತ್ತದೆ. ಅದರಿಂದ ಈಗಲೂ ನೀರು ಸುರಿಯುತ್ತದೆಯೇ? ಕೀವು ಇದೆಯೇ, ನೊಣ ಮುತ್ತುತ್ತವೆಯೇ? ಗುಡ್ಡೆ ಊದಿದೆಯೇ? ಮೇವು ಬಿಟ್ಟು ತಲೆ ಒಂದು ಕಡೆ ವಾಲಿಸಿ ನಿಲ್ಲುತ್ತಾನೆಯೇ, ಹಲ್ಲು ಕಡಿಯುತ್ತಾನೆಯೇ? ಇವುಗಳಲ್ಲಿ ಒಂದಿದ್ದರೂ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಸೇವೆಯ ನಂಬರ್ ಅದು. ಮಳೆಗಾಲದಲ್ಲಿ ನೊಣ ಕೂತ ಗಾಯಕ್ಕೆ ಹುಳ ಬೀಳಲು ತಡ ಆಗುವುದಿಲ್ಲ. ನೋವು ನಿಲ್ಲದೇ ಇದ್ದರೆ ಡಾಕ್ಟರು ಆ ಜಾಗ ಮರಗಟ್ಟಿಸಿ ಕೆಟ್ಟ ಗುಡ್ಡೆಯನ್ನೇ ತೆಗೆದು ಹೊಲಿಯುತ್ತಾರೆ. ಕೇಳಿದರೆ ಎದೆ ಝಲ್ ಅನ್ನುತ್ತದೆ, ಆದರೆ ದನಗಳಿಗೆ ಮಾಡುತ್ತಲೇ ಇರುವ ಆಪರೇಷನ್ ಅದು, ಆಮೇಲೆ ಅವು ಆರಾಮಾಗಿ ಇರುತ್ತವೆ.

ಶಾಪದ ಮಾತು ಕೇಳಿದಿರಿ. ಎತ್ತು ಶಪಿಸುವುದಿಲ್ಲ ತಮ್ಮಾ, ಹೆದರುತ್ತದೆ. ಮೆತ್ತಗೆ ನೋಡಿಕೊಂಡವರು ಯಾರು, ಹೊಡೆದವರು ಯಾರು ಅಂತ ದನಗಳು ಗುರುತಿಟ್ಟುಕೊಳ್ಳುತ್ತವೆ, ಪರೀಕ್ಷೆ ಮಾಡಿ ನೋಡಿದವರೂ ಇದನ್ನು ಕಂಡಿದ್ದಾರೆ, ದನ ಕಟ್ಟಿದ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ, ಅಲ್ವಾ? ಮೆತ್ತನೆಯ ಕೈಯನ್ನೂ ಅದು ಗುರುತಿಟ್ಟುಕೊಳ್ಳುತ್ತದೆ.

ನಮ್ಮ ಅಜ್ಜನ ಮನೆ ಬಸವನ ಬಾಗೇವಾಡಿ ಕಡೆ. ಅಲ್ಲಿ ಒಂದು ಒಕ್ಕಣ್ಣಿನ ಎಮ್ಮೆ ಇತ್ತು. ಅಜ್ಜ ಹಿತ್ತಲ ಬಾಗಿಲು ದಾಟುವಾಗಲೇ ಎರಡು ಸಲ ಕೆಮ್ಮುತ್ತಿದ್ದ. ದಮ್ಮು ಇರಬೇಕು ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಒಂದು ದಿನ ಅಜ್ಜಿ ಹೇಳಿದಳು, "ಅದಕ್ಕ ಆ ಕಡೆ ಕಾಣಂಗಿಲ್ಲ, ಬಂದೇನಿ ಅಂತ ತಿಳಸ್ತಾನ." ಕೆಮ್ಮು ಕೇಳಿದರೆ ಎಮ್ಮೆಯ ಕಿವಿ ಇತ್ತ ತಿರುಗುತ್ತಿತ್ತು, ಆಮೇಲಷ್ಟೇ ಅಜ್ಜ ಹತ್ತಿರ ಹೋಗುತ್ತಿದ್ದ.

ನೀವೂ ಹಾಗೇ ಮಾಡಿ. ಸರದಾರನ ಬಲಗಡೆಯಿಂದ ಸುಮ್ನೆ ಹೋಗಿ ಮೈ ಮುಟ್ಟಬೇಡಿ, ಅವನ ಲೆಕ್ಕಕ್ಕೆ ಕತ್ತಲೆಯಿಂದ ಕೈ ಬಂದ ಹಾಗೆ. ದೂರದಿಂದಲೇ ಹೆಸರು ಹಿಡಿದು ಕರೆಯಿರಿ, ಎಡಗಡೆಯಿಂದ ಹೋಗಿ. ಕೈಯಲ್ಲಿ ಕೋಲು ಬೇಡ, ಹೆಗಲ ಮೇಲೆ ಹಗ್ಗವೂ ಬೇಡ. ಗೋದಲಿಗೆ ಕಣಿಕೆ ಹಾಕಿ, ಒಂದು ಹಿಡಿ ಹಿಂಡಿ ಇಟ್ಟು, ನಾಲ್ಕು ಮಾರು ದೂರದಲ್ಲಿ ಕೂತುಬಿಡಿ. ಅವನು ತಿನ್ನುತ್ತಿರಲಿ. ಮುಟ್ಟಲು ಅವಸರ ಮಾಡಬೇಡಿ. ಯಾವತ್ತೋ ಒಂದು ದಿನ ಅವನೇ ಮೂಗು ಚಾಚಿ ಮೂಸುತ್ತಾನೆ. ಆಗ ಕೊರಳ ಕೆಳಗಿನ ಗಂಗೆದೊಗಲನ್ನು ಮೆಲ್ಲಗೆ ಕೆರೆಯಿರಿ. ಮುಖದ ಹತ್ತಿರ ಕೈ ಒಯ್ಯಬೇಡಿ, ಏಟು ಬಿದ್ದದ್ದು ಅಲ್ಲೇ. ವಾರ ಹಿಡಿಯಬಹುದು, ವರ್ಷವೂ ಹಿಡಿಯಬಹುದು. ನಿಮ್ಮನ್ನು ಕಂಡರೆ ನಡುಗುವುದು ಪೂರ್ತಿ ನಿಲ್ಲದೇ ಇರಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಆದರೂ ದಿನಾ ಹೋಗಿ.

ಸಿಟ್ಟು ಮತ್ತೆ ಬರುತ್ತದೆ. ಈ ಹಂಗಾಮಿನಲ್ಲೂ ಪಾಳಿ ಇದ್ದೇ ಇರುತ್ತದೆ, ಏರು ಎಲ್ಲಿಗೂ ಹೋಗಿರುವುದಿಲ್ಲ. ನಿಮ್ಮ ಮೈ ಮೊದಲೇ ಹೇಳುತ್ತದೆ, ಹಲ್ಲು ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಕೋಲು ಹಿಡಿದ ಮುಷ್ಟಿ ಗಟ್ಟಿಯಾಗುತ್ತದೆ. ಆಗ ಮೊದಲು ಕೋಲು ಕೆಳಗೆ. ಗಾಲಿಗೆ ಕಲ್ಲು ಕೊಡಿ, ಕೊರಳು ಬಿಚ್ಚಿ, ಎತ್ತಿಗೆ ನೀರು ತೋರಿಸಿ, ನೀವೂ ಕುಡಿಯಿರಿ. ಹಿಂದಿನವರು ಬಯ್ದರೆ ಬಯ್ಯಲಿ. ಎರಡು ರಾತ್ರಿ ಪಾಳಿಯಲ್ಲಿ ನಿಂತು ಬಂದ ಮೇಲೆ ನೀವೂ ಎತ್ತೂ ಮಲಗಿ ಏಳದೆ ಇನ್ನೊಂದು ಖೇಪು ತುಂಬಬೇಡಿ. ಒಂದು ಖೇಪಿನ ದುಡ್ಡು ಹೋಗುತ್ತದೆ, ಗೊತ್ತು. ಸಾಲ ಇದ್ದವರಿಗೆ ಅದು ಸಣ್ಣ ಮಾತಲ್ಲ ಅನ್ನುವುದೂ ಗೊತ್ತು.

ಮಾರುವ ವಿಷಯಕ್ಕೆ ಬರುತ್ತೇನೆ. ಮಾರಬೇಡಿ. ಒಕ್ಕಣ್ಣಿನ ಎತ್ತಿಗೆ ದಲ್ಲಾಳಿ ಎಷ್ಟು ಕೊಡುತ್ತಾನೆ, ಆಮೇಲೆ ಅದು ಯಾರ ಕೈಗೆ ಹೋಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಕಡೆ ಕಾಣುವುದಿಲ್ಲ ಅಂತ ಗೊತ್ತಿಲ್ಲದವನು ಅದೇ ಬಲಗಡೆಯಿಂದ ಬಂದು ಹೊಡೆಯುತ್ತಾನೆ. ಗೂಟ ಖಾಲಿಯಾದರೆ ಮರೆಯುತ್ತೀರಿ ಅಂತ ಅಪ್ಪ ಹೇಳುವುದು ನಿಮ್ಮ ಮೇಲಿನ ಪ್ರೀತಿಯಿಂದ. ಅವರಿಗೆ ನಿಜ ಗೊತ್ತಿಲ್ಲವಲ್ಲ. ಸಾಕಲು ನಿಜವಾಗಿಯೂ ಆಗದ ದಿನ ಬಂದರೆ, ನಿಮಗೆ ಗೊತ್ತಿರುವ, ಆ ಕಣ್ಣಿನ ಕಥೆ ಪೂರ್ತಿ ಕೇಳಿದ ಮೇಲೂ ಬೇಕು ಅನ್ನುವ ಮನೆಗೆ ಕೊಡಿ. ಹೊಲದ ಹಗುರ ಕೆಲಸವನ್ನು ಒಕ್ಕಣ್ಣಿನ ಎತ್ತು ಮಾಡಬಲ್ಲದು, ಡಾಕ್ಟರನ್ನು ಕೇಳಿ ಹೂಡಿ. ಟ್ರ್ಯಾಕ್ಟರು ಓಡಾಡುವ ರಸ್ತೆಯಲ್ಲಿ ಕಬ್ಬು ತುಂಬಿದ ಚಕ್ಕಡಿಗೆ ಮಾತ್ರ ಇನ್ನು ಬೇಡ.

ಭಾನುವಾರ ದಲ್ಲಾಳಿ ಬರುವುದರೊಳಗೆ ಅಪ್ಪನಿಗೆ ಹೇಳಿಬಿಡಿ, ಆಗ ಅವನನ್ನು ವಾಪಸ್ ಕಳಿಸುವುದು ಕಷ್ಟವಾಗುವುದಿಲ್ಲ. ಆ ಬಾರುಕೋಲು ಇನ್ನೂ ಎಲ್ಲೋ ಮೂಲೆಯಲ್ಲಿ ಇರಬೇಕಲ್ಲ? ಇಕ್ಕಳ ತಗೊಂಡು ಅದರ ಮೊಳೆ ಕಿತ್ತುಬಿಡಿ, ಮಗ ನೋಡುತ್ತಾ ನಿಂತರೆ ನಿಲ್ಲಲಿ. ಕಣ್ಣು ನೋಡಿ ಡಾಕ್ಟರು ಏನಂದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.