ಹಿರೇಕೊಳಲೆ, ಕುದುರೆಮುಖ, ಮುಳ್ಳಯ್ಯನಗಿರಿ, ಹೆಬ್ಬೆ: ಎರಡು ದಿನದಲ್ಲಿ ಯಾವ ಕ್ರಮದಲ್ಲಿ ನೋಡಬೇಕು?

ಒಂದು ಕೆರೆ, ಎರಡು ಶಿಖರ, ಒಂದು ಜಲಪಾತ, ಎರಡೇ ದಿನ. ನಿಮ್ಮ ಈ ಪಟ್ಟಿಯನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ನಾನೂ 2017ರ ದಸರಾ ರಜೆಗೆ ಮುಂಚೆ ಬರೆದಿದ್ದೆ. ಅದನ್ನು ಬರೆದ ಡೈರಿ ಹಾಸನದ ನಮ್ಮ ಮನೆಯ ಬೀರುವಿನಲ್ಲಿ ಈಗಲೂ ಇದೆ. ಆ ಪುಟದ ಮೂಲೆಯಲ್ಲೊಂದು ಕಂದು ಕಲೆಯಿದೆ, ಅದು ಇಂಬಳ ಕಚ್ಚಿದ ಕಾಲಿನ ರಕ್ತ.

ನನ್ನದು ಲೆಕ್ಕ ಬರೆಯುವ ಉದ್ಯೋಗ. ಆ ವರ್ಷ ಆಯುಧಪೂಜೆಯಿಂದ ಗಾಂಧಿ ಜಯಂತಿಯವರೆಗೆ ನಾಲ್ಕು ದಿನ ಸಾಲುರಜೆ ಬಂದಿತ್ತು. ಮೊದಲೆರಡು ದಿನ ಹಬ್ಬಕ್ಕೆ ಹೋದವು, ಉಳಿದೆರಡು ದಿನಗಳನ್ನು ನಾನು ಅಂಕಣ ಎಳೆದು ಗಂಟೆಗಳಾಗಿ ಹಂಚಿದೆ. ಜೊತೆಗೆ ಬಂದವರು ನನ್ನ ಭಾವಮೈದ ಮತ್ತು ಅವನ ಗೆಳೆಯ. ಬೆಳಗಿನ ಜಾವ ನಾಲ್ಕೂವರೆಗೆ ಹಾಸನ ಬಿಟ್ಟು, ಬೆಳಕು ಹರಿಯುವ ಹೊತ್ತಿಗೆ ಹಿರೇಕೊಳಲೆ ಕೆರೆಯ ಏರಿಯ ಮೇಲಿದ್ದೆವು. ಚಿಕ್ಕಮಗಳೂರು ಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದ, ಪೇಟೆಗೆ ಕುಡಿಯುವ ನೀರನ್ನೂ ಕೊಡುವ ಕೆರೆಯದು. ಮಂಜು ನೀರಿನ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು, ಅದರ ಮೇಲೆ ಗುಡ್ಡದ ಸಾಲಿನ ತುದಿ ಮಾತ್ರ ಕಾಣುತ್ತಿತ್ತು. ನನ್ನ ಪಟ್ಟಿಯಲ್ಲಿ ಕೆರೆಗೆ ಇಪ್ಪತ್ತು ನಿಮಿಷ ಇತ್ತು. ಮಂಜು ಎದ್ದು ಗುಡ್ಡದ ನೆರಳು ನೀರಿಗೆ ಇಳಿಯುವುದನ್ನು ನೋಡುತ್ತಾ ಮುಕ್ಕಾಲು ಗಂಟೆ ಕುಳಿತೆವು. ಮುಂದೆ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ಎಲ್ಲ ಕೆಟ್ಟದ್ದು ಅಲ್ಲಿ ತಾನು ಎರಡನೆಯ ಸಲ ದೋಸೆ ಹೇಳಿದ್ದರಿಂದಲೇ ಎಂದು ಭಾವಮೈದ ಇಂದಿಗೂ ನಂಬಿದ್ದಾನೆ. ಆದರೆ ತಪ್ಪು ಕೆರೆಯದೂ ಅಲ್ಲ, ದೋಸೆಯದೂ ಅಲ್ಲ.

ಸಂಸೆ ದಾಟಿ, ಕುದುರೆಮುಖದ ದಾರಿಯಲ್ಲಿ ಕಾರು ನಿಲ್ಲಿಸುವ ಬಾಳೆಗಲ್ ತಲುಪಿದಾಗ ಹತ್ತೂವರೆ. ಅಲ್ಲಿಂದ, ಚಾರಣ ಆರಂಭವಾಗುವ ಮುಳ್ಳೋಡಿಯವರೆಗಿನ ದಾರಿ ಜೀಪಿಗೆ ಮಾತ್ರ ಸಾಧ್ಯ. ಅರಣ್ಯ ಇಲಾಖೆಯ ಶುಲ್ಕ ಕಟ್ಟಿ, ಹೆಸರು ಬರೆಸಿ, ಮಾರ್ಗದರ್ಶಿಯನ್ನು ಕರೆದುಕೊಂಡು ನಿಜವಾಗಿ ಕಾಲು ಎತ್ತಿಟ್ಟದ್ದು 11 ಗಂಟೆ 40 ನಿಮಿಷಕ್ಕೆ. ಮಾರ್ಗದರ್ಶಿ ಅದೇ ಊರಿನವರು, ವಯಸ್ಸು ಐವತ್ತರ ಮೇಲಿತ್ತು. ಕಲ್ಲುಪ್ಪು ಮತ್ತು ಹೊಗೆಸೊಪ್ಪನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಒದ್ದೆ ಮಾಡಿ, ಕೋಲಿನ ತುದಿಗೆ ಸಿಕ್ಕಿಸಿಕೊಂಡಿದ್ದರು. ಕಾಲಿಗೆ ಹತ್ತಿದ ಇಂಬಳಕ್ಕೆ ಆ ಗಂಟನ್ನು ಮುಟ್ಟಿಸಿದರೆ ಅದು ಸುರುಟಿಕೊಂಡು ತಾನಾಗಿ ಉದುರುತ್ತಿತ್ತು. ಹೊರಡುವ ಮುನ್ನ ಅವರು ಹೇಳಿದ್ದು ಇಷ್ಟೇ: “ಹೊತ್ತಾಯ್ತು ಸಾರ್. ಒಂಟಿಮರದ ತನಕ ಹೋಗಿ ಬರುವ.”

ಒಂಟಿಮರವೆಂದರೆ ಏರು ಆರಂಭವಾಗುವ ಹುಲ್ಲುಬೆನ್ನಿನ ಮೇಲೆ ಒಬ್ಬಂಟಿಯಾಗಿ ನಿಂತ ಮರ. ಅಲ್ಲಿಗೆ ತಲುಪಿದಾಗ ಒಂದೂಕಾಲು. ಕುದುರೆಮುಖದ ನೋಟ ಏನೆಂಬುದು ಅಲ್ಲಿಯೇ ತಿಳಿಯುತ್ತದೆ. ಬೆಟ್ಟದ ಬೆನ್ನುಗಳೆಲ್ಲ ಹುಲ್ಲು, ಎರಡು ಬೆನ್ನುಗಳ ನಡುವಿನ ಮಡಿಕೆಯಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಆ ಹುಲ್ಲು, ಕಾಡು ಮತ್ತು ಅವುಗಳ ಅಡಿಯ ಮಣ್ಣು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಇದೇ ಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನಗೆ ಅದರ ಅರ್ಥವಾದದ್ದು ಆ ಮರದ ಕೆಳಗೆ ನಿಂತಾಗ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವಿದು. ಇದೇ ಬೆಟ್ಟಸಾಲಿನಲ್ಲಿ 2005ರ ಕೊನೆಯವರೆಗೂ ಕಬ್ಬಿಣದ ಅದಿರು ತೆಗೆಯುತ್ತಿದ್ದರೆಂಬುದನ್ನು ಅಲ್ಲಿ ನಿಂತು ನೆನೆದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಬುದ್ಧಿಯಿದ್ದಿದ್ದರೆ ನಾವು ಅಲ್ಲಿಯೇ ಬುತ್ತಿ ಬಿಚ್ಚಿ, ಎರಡು ಗಂಟೆಗೆ ಹಿಂದಿರುಗಬೇಕಿತ್ತು.

ನಾನು ಡೈರಿ ತೆಗೆದೆ. ಅದರಲ್ಲಿ ಹೀಗೆ ಬರೆದಿತ್ತು: “ಏರಲು 4 ಗಂಟೆ, ಇಳಿಯಲು 2 ಗಂಟೆ.”

ನನ್ನ ಮಂಡಿಯನ್ನು ತಿಂದದ್ದು ಈ ಒಂದು ಸಾಲು. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರವಾದರೂ ಓದಿ. ಏರುವುದು ಕಷ್ಟ, ಇಳಿಯುವುದು ಸುಲಭ, ಆದ್ದರಿಂದ ಇಳಿಯಲು ಅರ್ಧ ಹೊತ್ತು ಸಾಕು ಎಂಬ ಲೆಕ್ಕವನ್ನು ನಾನು ಯಾರನ್ನೂ ಕೇಳದೆ ಊಟದ ಮೇಜಿನ ಮುಂದೆ ಕುಳಿತು ಬರೆದಿದ್ದೆ. ಶ್ರವಣಬೆಳಗೊಳದ ಮೆಟ್ಟಿಲು ಇಳಿಯುವಾಗ ಅದು ನಿಜವಿರಬಹುದು. ಒದ್ದೆ ಹುಲ್ಲಿನ ಗುಡ್ಡದಲ್ಲಿ ನಿಜವಲ್ಲ. ಏರುವಾಗ ದೇಹ ಗುಡ್ಡದ ಕಡೆಗೇ ಬಾಗಿರುತ್ತದೆ, ಜಾರಿದರೆ ಕೈ ನೆಲಕ್ಕೆ ತಾಗುತ್ತದೆ, ಅಷ್ಟೇ. ಇಳಿಯುವಾಗ ದೇಹದ ಭಾರವನ್ನೆಲ್ಲ ತೊಡೆ ಮತ್ತು ಮಂಡಿ ಹೆಜ್ಜೆ ಹೆಜ್ಜೆಗೂ ತಡೆದು ನಿಲ್ಲಿಸಬೇಕು, ಅದೂ ಆಗಲೇ ಒಂಬತ್ತು ಕಿಲೋಮೀಟರ್ ಏರಿ ದಣಿದ ಮೇಲೆ. ಮಳೆಗಾಲ ಮುಗಿಯುವ ಹೊತ್ತಿನ ಹುಲ್ಲು, ಎಣ್ಣೆ ಹಾಕಿ ಬಾಚಿದ ಕೂದಲಿನಂತೆ, ಇಳಿಜಾರಿನ ಕಡೆಗೇ ತಲೆ ಮಾಡಿ ಮಲಗಿರುತ್ತದೆ. ಅದರ ಮೇಲೆ ಹಿಮ್ಮಡಿ ಊರಿದರೆ ಕಾಲು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಏರುವುದು ಬೆಳಕಿನಲ್ಲಿ, ಇಳಿಯುವುದು ಬೆಳಕು ಹೋಗುತ್ತಿರುವಾಗ.

ಆ ಒಂದು ಅಂಕಿಯನ್ನು ಆಧಾರವಾಗಿಟ್ಟುಕೊಂಡು ಉಳಿದದ್ದೆಲ್ಲ ತಾನಾಗಿ ತಪ್ಪಾಯಿತು. ಸೂರ್ಯಾಸ್ತ ಆರೂಕಾಲರ ಸುಮಾರಿಗೆ, ಇಳಿಯಲು ಎರಡು ಗಂಟೆ, ಆದ್ದರಿಂದ ನಾಲ್ಕರವರೆಗೂ ಏರಬಹುದು ಎಂದು ಡೈರಿ ಹೇಳುತ್ತಿತ್ತು. ಅಲ್ಲಿ ಎರಡರ ಬದಲು ನಾಲ್ಕು ಎಂದು ಬರೆದಿದ್ದರೆ, ಎರಡು ಗಂಟೆಯ ಹೊತ್ತಿಗೆ ಎಲ್ಲೇ ಇದ್ದರೂ ಹಿಂದಿರುಗಬೇಕೆಂಬುದು ಮೊದಲೇ ಗೊತ್ತಿರುತ್ತಿತ್ತು, ಈ ದಿನ ಶಿಖರವಿಲ್ಲವೆಂದು ಬಾಳೆಗಲ್‌ನಲ್ಲಿ ಜೀಪು ಹತ್ತುವಾಗಲೇ ತೀರ್ಮಾನವಾಗುತ್ತಿತ್ತು. ಹಾಗಾಗಿ ತಪ್ಪು ನಡೆದದ್ದು ಗುಡ್ಡದ ಮೇಲಲ್ಲ, ಹಾಸನದ ನಮ್ಮ ಮನೆಯಲ್ಲಿ, ಹಿಂದಿನ ವಾರ. ಮಾರ್ಗದರ್ಶಿ ಒಂಟಿಮರದ ಬಳಿ ಮತ್ತೊಮ್ಮೆ ಹೇಳಿದರು: “ಮಳೆ ಬಿದ್ದ ಹುಲ್ಲಿದು ಸಾರ್. ಹತ್ತಿದಷ್ಟೇ ಹೊತ್ತು ಇಳಿಯೋಕೂ ಬೇಕು.” ನಾನು ಡೈರಿ ತೋರಿಸಿ ವಾದಿಸಿದೆ. ಅವರು ಡೈರಿಯ ಕಡೆ ನೋಡದೆ ಆಕಾಶದ ಕಡೆ ನೋಡಿ, ಮುಂದೆ ನಡೆದರು.

1,894 ಮೀಟರ್ ಎತ್ತರದ ಶಿಖರವನ್ನು ಸರಿಯಾಗಿ ನಾಲ್ಕು ಗಂಟೆಗೆ ಮುಟ್ಟಿದೆವು. ಮಧ್ಯಾಹ್ನದ ಮೋಡ ಅಷ್ಟರಲ್ಲಿ ಪಶ್ಚಿಮದಿಂದ ಏರಿ ಬಂದು, ನಮ್ಮ ಕೈಯಳತೆಯಾಚೆ ಏನನ್ನೂ ಉಳಿಸಿರಲಿಲ್ಲ. ಹದಿನೈದು ನಿಮಿಷ ಬಿಳಿಯನ್ನು ನೋಡಿ ಇಳಿಯತೊಡಗಿದೆವು. ಸೂರ್ಯ ಮುಳುಗಿದಾಗ ಒಂಟಿಮರವಿನ್ನೂ ನಮಗಿಂತ ಕೆಳಗಿತ್ತು. ಮೂವರ ನಡುವೆ ಇದ್ದದ್ದು ಒಂದು ಮೊಬೈಲಿನ ಬೆಳಕು. ಟಾರ್ಚು ಕಾರಿನಲ್ಲಿತ್ತು, ಏಕೆಂದರೆ ಡೈರಿಯ ಪ್ರಕಾರ ಅದರ ಅಗತ್ಯವಿರಲಿಲ್ಲ. ನಾನು ಎಡಗಾಲನ್ನು ಊರಿದೆ, ಪಾದ ಒಂದು ಕಲ್ಲಿನ ಸಂದಿಯಲ್ಲಿ ಸಿಕ್ಕಿ ನಿಂತಿತು, ಉಳಿದ ದೇಹ ಹುಲ್ಲಿನ ಜೊತೆ ಹೋಯಿತು. ಹಸಿ ಕಡ್ಡಿ ಮುರಿದಂತೆ ಸದ್ದಾದದ್ದನ್ನು ಮುಂದೆ ಹೋಗುತ್ತಿದ್ದ ಭಾವಮೈದನೂ ಕೇಳಿದ. “ಭಾವ, ಏನಾಯ್ತು?” ಎಂದು ಅವನು ಕೇಳಿದಾಗ ಏನೂ ಆಗಿಲ್ಲವೆಂದು ಹೇಳಿ ಎದ್ದು ನಿಲ್ಲಲು ಹೋಗಿ ಮತ್ತೆ ಕುಳಿತೆ.

ಮಾರ್ಗದರ್ಶಿ ತಮ್ಮ ಹೆಗಲ ಮೇಲಿನ ಟವೆಲನ್ನು ಉದ್ದಕ್ಕೆ ಸೀಳಿ ಮಂಡಿಗೆ ಬಿಗಿದು ಕಟ್ಟಿದರು, ಇಂಬಳದ ಕೋಲನ್ನು ಊರುಗೋಲು ಮಾಡಿ ಕೊಟ್ಟರು. ಅಲ್ಲಿಂದ ಮುಳ್ಳೋಡಿಯವರೆಗಿನ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ, ಮೇಲೆಲ್ಲೋ ಸುರಿದ ಮಳೆಯಿಂದ ಮಂಡಿಯ ಮೇಲಕ್ಕೆ ಬಂದಿತ್ತು. ಅದನ್ನು ದಾಟುವಾಗ ಇಬ್ಬರು ನನ್ನನ್ನು ಹಿಡಿದರು, ಮಾರ್ಗದರ್ಶಿ ನೀರಿನೊಳಗೆ ಕಾಲಿನಿಂದ ತಡಕಿ ಒಂದೊಂದೇ ಕಲ್ಲನ್ನು ತೋರಿಸಿದರು. ಮರುದಿನ ಮುಳ್ಳಯ್ಯನಗಿರಿ ಮತ್ತು ಹೆಬ್ಬೆ ಇರಬೇಕಾಗಿದ್ದ ಹೊತ್ತಿನಲ್ಲಿ ನಾನು ಆಸ್ಪತ್ರೆಯಲ್ಲಿದ್ದೆ. ಎಂಆರ್‌ಐ ಮಾಡಿಸಿದಾಗ ಮಂಡಿಯೊಳಗಿನ ಲಿಗಮೆಂಟ್ ಹರಿದಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಾಗಿ, ಕಂಬಿ ಹಿಡಿಯದೆ ಮನೆಯ ಮಹಡಿ ಹತ್ತಲು ಐದು ತಿಂಗಳು ಬೇಕಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಕ್ರಮದಲ್ಲಿ ನೋಡಬೇಕೆಂದು ಕೇಳಿದ್ದೀರಿ, ನನ್ನ ಮಟ್ಟಿಗೆ ಆ ಪ್ರಶ್ನೆಯೇ ಸರಿಯಿಲ್ಲ. ಚಿಕ್ಕಮಗಳೂರಿನಿಂದ ಬಾಳೆಗಲ್‌ಗೆ ಘಟ್ಟದ ತಿರುವುಗಳಲ್ಲಿ ಸುಮಾರು ಮೂರು ಗಂಟೆಯ ದಾರಿ. ಅದನ್ನು ಮುಳ್ಳಯ್ಯನಗಿರಿಯ ಜೊತೆ ಒಂದೇ ಪಟ್ಟಿಯಲ್ಲಿ ಬರೆಯುವುದು, ಎರಡೂ ಒಂದೇ ಜಿಲ್ಲೆಯ ಹೆಸರಿನಡಿ ಬರುತ್ತವೆ ಎಂಬ ಒಂದೇ ಕಾರಣಕ್ಕೆ. ಕುದುರೆಮುಖವನ್ನು ಈ ಪಟ್ಟಿಯಿಂದ ಹೊಡೆದುಹಾಕಿ. ದಿನಾ ಐದು ಕಿಲೋಮೀಟರ್ ಓಡುತ್ತೇವೆ, ಆದ್ದರಿಂದ ತೊಂದರೆಯಿಲ್ಲ ಎಂದೂ ಬರೆದಿದ್ದೀರಿ. ಸಮತಟ್ಟು ರಸ್ತೆಯ ಓಟ ಎದೆಗೆ ಒಳ್ಳೆಯದು, ಇಳಿಜಾರಿನಲ್ಲಿ ದೇಹವನ್ನು ತಡೆಯುವುದನ್ನು ಅದು ತೊಡೆಗೆ ಕಲಿಸುವುದಿಲ್ಲ.

ಹೆಬ್ಬೆಯನ್ನು ಚಾರಣವೆಂದು ಕರೆಯುವುದನ್ನೂ ನಾನು ಒಪ್ಪುವುದಿಲ್ಲ. ಜೀಪಿನಲ್ಲಿ ಮೈ ಕುಲುಕಿಸಿಕೊಂಡು ಹೋಗಿ, ಕೊನೆಗೆ ಸ್ವಲ್ಪ ದೂರ ಹಳ್ಳ ದಾಟುತ್ತಾ ನಡೆಯುವುದು ಅಷ್ಟೇ. ಆದರೂ 168 ಮೀಟರ್ ಎತ್ತರದಿಂದ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತವಾಗಿ ಬೀಳುವ ಆ ನೀರಿನ ಮುಂದೆ ನಿಂತರೆ ಜೀಪಿನ ಸಿಟ್ಟು ಇಳಿಯುತ್ತದೆ. ಕೆಮ್ಮಣ್ಣುಗುಂಡಿಯನ್ನೂ ಸೇರಿಸಿ ಅದಕ್ಕೆ ಒಂದು ಇಡೀ ದಿನ ಕೊಡಿ. ಇನ್ನೊಂದು ದಿನ ಮುಳ್ಳಯ್ಯನಗಿರಿ, ಅದೂ ಕಾರಿನಲ್ಲಿ ಮೆಟ್ಟಿಲ ಬುಡದವರೆಗೆ ಹೋಗದೆ, ಸರ್ಪದಾರಿ ಎಂಬ ಕಾಲುದಾರಿಯಲ್ಲಿ ಬೆಳಿಗ್ಗೆ ಬೇಗ ಏರಿ. 1,930 ಮೀಟರ್ ಎಂದರೆ ಕರ್ನಾಟಕದ ಅತಿ ಎತ್ತರದ ಜಾಗ. ರಸ್ತೆಯಿಂದ ಬಂದವರಿಗೆ ಅಲ್ಲಿ ದೇವಸ್ಥಾನ, ಗಾಳಿ ಮತ್ತು ಜನಸಂದಣಿ ಸಿಗುತ್ತದೆ. ಸರ್ಪದಾರಿಯಲ್ಲಿ ಬಂದವರಿಗೆ ಈ ಶಿಖರವಿರುವ ಚಂದ್ರದ್ರೋಣ ಬೆಟ್ಟಸಾಲು ಅರ್ಧಚಂದ್ರನ ಹಾಗೆ ಬಾಗಿರುವುದು ತಿರುವು ತಿರುವಿಗೂ ಕಾಣುತ್ತದೆ. ಇಳಿದು ಬಂದು ಸಂಜೆ ಹಿರೇಕೊಳಲೆಯ ಏರಿಯ ಮೇಲೆ ಕುಳಿತುಕೊಳ್ಳಿ, ಆ ಕೆರೆಗೆ ಇಪ್ಪತ್ತು ನಿಮಿಷ ಸಾಲದು. ಬೂಟು ಯಾವುದಾದರೂ ಸರಿ, ತಳ ಸವೆದಿರಬಾರದು, ಹೊಸದಾಗಿಯೂ ಇರಬಾರದು.

ಕುದುರೆಮುಖಕ್ಕೆ ಬೇರೆಯೇ ಸಲ ಹೋಗಿ. ಹಿಂದಿನ ರಾತ್ರಿ ಕಳಸದಲ್ಲೋ ಸಂಸೆಯಲ್ಲೋ ಉಳಿದು, ಗೇಟು ತೆರೆಯುವ ಹೊತ್ತಿಗೇ ನಡೆಯಲು ಆರಂಭಿಸಿ. ಈಗ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮೊದಲೇ ಮಾಡಿಸಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿಯನ್ನೇ ಮುಚ್ಚುವುದುಂಟು.

ಭಾವಮೈದ ಕಳೆದ ಜನವರಿಯಲ್ಲಿ ಹಾಗೆಯೇ ಹೋದ. ನಾನು ಒಂಟಿಮರದವರೆಗೆ ನಡೆದು, ಬುತ್ತಿ ಬಿಚ್ಚಿ ಅಲ್ಲಿಯೇ ಕುಳಿತೆ. ಅವನು ಶಿಖರದಲ್ಲಿ ಅರ್ಧ ದಿಕ್ಕಿನ ಆಕಾಶ ಮತ್ತು ಅರ್ಧ ದಿಕ್ಕಿನ ಕರಾವಳಿಯನ್ನು ಕಂಡು, ಇಳಿದು ಬರುವಾಗ ದಾರಿಯಲ್ಲಿ ನನ್ನನ್ನೂ ಎಬ್ಬಿಸಿಕೊಂಡು ಮುಳ್ಳೋಡಿಗೆ ಕರೆದುತಂದ. ಏರಲು ಅವನಿಗೆ 3 ಗಂಟೆ 50 ನಿಮಿಷ ಹಿಡಿದಿತ್ತು, ಒಣ ಹುಲ್ಲಿನ ಮೇಲೆ, ಒಳ್ಳೆಯ ಬೆಳಕಿನಲ್ಲಿ ಇಳಿಯಲು 3 ಗಂಟೆ 30 ನಿಮಿಷ. ಎರಡನ್ನೂ ಡೈರಿಯ ಅದೇ ಪುಟದಲ್ಲಿ, ಕಲೆಯ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.